ಮನೆವಾರ್ತೆ: ಬಿಸಿಲ ನೀರೊಲೆಗೆ ತಕ್ಕ ಪಂಪು

ಬೆಳಗಿನ ಸ್ನಾನಕ್ಕೆ ನೀರು ಕಾಯಿಸುವುದು ಸಂಸಾರದ ನಿತ್ಯಕರ್ಮಗಳಲ್ಲಿ ಮೊದಲನೆಯದು. ಹಿಂದೆ ಬಚ್ಚಲ ಹಂಡೆಯ ಕೆಳಗೆ ಸೌದೆಯೋ ತೆಂಗಿನ ಗರಿಯೋ ಉರಿಯುತ್ತಿದ್ದಿತು. ಈಗ ಅನೇಕ ಮನೆಗಳಲ್ಲಿ ಆ ಕೆಲಸವನ್ನು ವಿದ್ಯುತ್ ಗೀಸರು ಮಾಡುತ್ತಿರುವುದು; ಇನ್ನು ಎಷ್ಟೋ ಮನೆಗಳಲ್ಲಿ ಮಹಡಿಯ ಮೇಲಣ ಬಿಸಿಲೇ ಮಾಡುತ್ತಿರುವುದು. ಬಿಸಿಲಿಗೆ ಹೊಗೆಯಿಲ್ಲ, ಬೂದಿ ಬಳಿಯುವ ಶ್ರಮವಿಲ್ಲ, ತಿಂಗಳ ಕೊನೆಯಲ್ಲಿ ಬಿಲ್ಲೂ ಇಲ್ಲ. ಅಂಗಡಿಯ ಸಿದ್ಧಯಂತ್ರದ ಬೆಲೆಗೆ ಹಿಂಜರಿದೋ, ಕೈಕೆಲಸದ ಉತ್ಸಾಹದಿಂದಲೋ, ತಾವೇ ತಾಮ್ರದ ಕೊಳವೆಗಳನ್ನು ಬೆಸೆಯಿಸಿ, ಕಪ್ಪು ಬಳಿದು, ಗಾಜು ಹೊದಿಸಿ ಇಂತಹ ನೀರೊಲೆಯನ್ನು ಕಟ್ಟಿಕೊಳ್ಳುವ ಗೃಹಸ್ಥರೂ ಉಂಟು. ಇಂತಹವರಲ್ಲಿ ಬಹುಮಂದಿ ಪೆಟ್ಟಿಗೆಯನ್ನು ಅಚ್ಚುಕಟ್ಟಾಗಿಯೇ ಮಾಡಿ, ನೀರನ್ನು ಸುತ್ತಿಸುವ ಪಂಪನ್ನು ಆರಿಸುವಲ್ಲಿ ತಡವರಿಸುವರು. ಆದಕಾರಣ ಈ ತಿಂಗಳು ಆ ಒಂದು ವಿಷಯವನ್ನೇ ವಿಚಾರಿಸಬೇಕೆಂದಿರುವೆವು.

ನಮ್ಮ ಜನರಿಗೆ ಪಂಪೆಂದೊಡನೆ ಮನಸ್ಸಿಗೆ ಬರುವುದು ಸಂಪಿನಿಂದ ಮಹಡಿಗೆ ನೀರೆತ್ತುವ ಅರ್ಧ ಅಶ್ವಶಕ್ತಿಯ ಯಂತ್ರ. ಮನೆಯ ಮೂಲೆಯಲ್ಲಿ ಹಳೆಯದೊಂದು ಬಿದ್ದಿದ್ದರೆ ಅದನ್ನೇ ನೀರೊಲೆಗೂ ಜೋಡಿಸುವ ಆಸೆ ಹುಟ್ಟುವುದು ಸಹಜವೇ. ಆದರೆ ಅದು ತೊಟ್ಟಿಲು ತೂಗಲು ಆನೆಯನ್ನು ಕರೆತಂದಂತೆ. ಆನೆ ತೂಗಲಾರದೆಂದಲ್ಲ, ತೊಟ್ಟಿಲು ಉಳಿಯಲಾರದು. ಬಿಸಿಲ ನೀರೊಲೆಗೆ ಬೇಕಾದ ಪಂಪು ಎಷ್ಟು ಚಿಕ್ಕದೆಂಬುದನ್ನು ಲೆಕ್ಕಹಾಕಿ ಮನಗಂಡವರು ಹಣವನ್ನೂ ಉಳಿಸಿಕೊಳ್ಳುವರು, ನೀರಿನ ಬಿಸಿಯನ್ನೂ ಉಳಿಸಿಕೊಳ್ಳುವರು.

ಮಾತು ಸ್ಪಷ್ಟವಾಗಿರಲೆಂದು, ಬಿಸಿಲಿಗೆ ಕಾಯುವ ಗಾಜಿನ ಪೆಟ್ಟಿಗೆಯನ್ನು ಇಲ್ಲಿ ಫಲಕವೆಂದೂ, ಬಿಸಿನೀರು ನಿಲ್ಲುವ ಪಾತ್ರೆಯನ್ನು ತೊಟ್ಟಿಯೆಂದೂ, ಮನೆಗೆಲ್ಲ ತಣ್ಣೀರು ಕೊಡುವ ಮಹಡಿಯ ಮೇಲಣ ಸಂಗ್ರಹವನ್ನು ಟ್ಯಾಂಕೆಂದೂ ಕರೆಯುವೆವು.

ಪಂಪು ಬೇಕೇ, ಬೇಡವೇ?

ಕೊಳ್ಳುವ ಮುನ್ನ ಕೇಳಿಕೊಳ್ಳತಕ್ಕ ಪ್ರಶ್ನೆ ಇದು. ಬಿಸಿಯಾದ ನೀರು ಹಗುರ, ತಣ್ಣೀರು ಭಾರ. ೩೦ ಡಿಗ್ರಿಯ ಒಂದು ಲೀಟರು ನೀರು ಸುಮಾರು ೯೯೬ ಗ್ರಾಂ ತೂಗಿದರೆ, ೬೦ ಡಿಗ್ರಿಯದು ಸುಮಾರು ೯೮೩ ಗ್ರಾಂ ಮಾತ್ರ ತೂಗುವುದು. ಈ ಹದಿಮೂರು ಗ್ರಾಮಿನ ಅಂತರವೇ ಪ್ರಕೃತಿಯು ನಮಗೆ ಪುಕ್ಕಟೆಯಾಗಿ ಕೊಟ್ಟಿರುವ ಪಂಪು. ಫಲಕದ ಮೇಲುತುದಿಗಿಂತ ತೊಟ್ಟಿಯ ತಳವು ಒಂದಡಿಯಾದರೂ ಎತ್ತರದಲ್ಲಿದ್ದರೆ, ಫಲಕದಲ್ಲಿ ಕಾದ ನೀರು ತಾನಾಗಿಯೇ ಮೇಲೇರಿ ತೊಟ್ಟಿಯನ್ನು ಸೇರುವುದು; ತೊಟ್ಟಿಯ ತಳದ ತಣ್ಣೀರು ಇಳಿದು ಅದರ ಸ್ಥಳಕ್ಕೆ ಬರುವುದು. ಬಿಸಿಲು ಏರಿದಂತೆ ಹರಿವೂ ಏರುವುದು, ಮೋಡ ಕವಿದರೆ ನಿಧಾನವಾಗುವುದು, ರಾತ್ರಿ ನಿಂತುಬಿಡುವುದು.

ಇದು ಹೊಸ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿದ್ವಾಂಸರು ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಹಿಡಿದುದು ೧೭೬೭ರಲ್ಲಿ. ಅಮೆರಿಕೆಯ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬವರು ಮಾರಾಟಕ್ಕೆ ತಕ್ಕ ನೀರೊಲೆಗೆ ೧೮೯೧ರಲ್ಲಿ ಪೇಟೆಂಟು ಪಡೆದರು. ಆದರೆ ಅದರಲ್ಲಿ ನೀರಿನ ಪಾತ್ರೆಯೇ ಗಾಜಿನ ಪೆಟ್ಟಿಗೆಯೊಳಗಿದ್ದುದರಿಂದ ರಾತ್ರಿ ನೀರು ಆರಿಹೋಗುತ್ತಿದ್ದಿತು. ಕ್ಯಾಲಿಫೋರ್ನಿಯದ ವಿಲಿಯಂ ಬೇಲಿಯವರು ೧೯೦೯ರಲ್ಲಿ ಫಲಕವನ್ನೂ ತೊಟ್ಟಿಯನ್ನೂ ಬೇರೆಬೇರೆ ಮಾಡಿ, ಶಾಖ ಸೋರದಂತೆ ಹೊದಿಕೆಯಿದ್ದ ತೊಟ್ಟಿಯನ್ನು ಫಲಕಕ್ಕಿಂತ ಮೇಲಿರಿಸಿದರು. ಹಗಲು ಕಾದ ನೀರು ಮರುದಿನ ಬೆಳಗಿನವರೆಗೂ ಬಿಸಿಯಾಗಿ ಉಳಿಯಿತು. ಆ ಯಂತ್ರಕ್ಕೆ ಅವರು ‘ಹಗಲು ಮತ್ತು ರಾತ್ರಿ’ ಎಂಬರ್ಥದ ಹೆಸರನ್ನೇ ಇಟ್ಟರು. ಅದರಲ್ಲಿ ಪಂಪಿರಲಿಲ್ಲ. ಇಂದು ಬೆಂಗಳೂರು ಮೈಸೂರುಗಳ ಮಹಡಿಗಳ ಮೇಲೆ ಕಾಣುವ ಮನೆಬಳಕೆಯ ನೀರೊಲೆಗಳಲ್ಲಿ ಹೆಚ್ಚಿನವು ಪಂಪಿಲ್ಲದೆಯೇ ನಡೆಯುತ್ತಿವೆ.

ಮಲೆನಾಡಿನ ಮತ್ತು ಕರಾವಳಿಯ ಹೆಂಚಿನ ಮನೆಯವರು ತಮ್ಮ ಮಾಡು ಭಾರವನ್ನು ತಾಳದೆಂದು ಪಂಪಿನ ಯೋಚನೆಗೆ ತೊಡಗುವುದುಂಟು. ಅವರು ಇನ್ನೊಂದು ದಾರಿಯನ್ನು ನೋಡಲಿ. ಅಂಗಳದಲ್ಲಿ ದಿನವೆಲ್ಲ ಬಿಸಿಲು ಬೀಳುವ ತೆರಪಿದ್ದರೆ ಫಲಕವನ್ನು ನೆಲದ ಮೇಲೆಯೇ ನಿಲ್ಲಿಸಿ, ತೊಟ್ಟಿಯನ್ನು ಗಟ್ಟಿ ತೊಲೆಗಳಿರುವ ಅಟ್ಟದ ಮೇಲಿಡಬಹುದು. ಹಾಗೆ ಮಾಡಿದಲ್ಲಿ ಮೇಲೇಳುವ ಬಿಸಿನೀರಿನ ಕೊಳವೆಯು ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲವುಳ್ಳದ್ದಾಗಿರಬೇಕು. ಎಲ್ಲಿಯೂ ತಗ್ಗಿ ಏಳದೆ ಒಂದೇ ಸಮನೆ ಏರುತ್ತ ಹೋಗಬೇಕು. ನಡುವೆ ಎಲ್ಲಿ ಬಾಗಿ ಇಳಿದು ಮತ್ತೆ ಏರುವುದೋ ಅಲ್ಲಿ ಗಾಳಿ ಸೇರಿ ಹರಿವನ್ನು ತಡೆಯುವುದು. ಇಷ್ಟು ನಿಯಮಗಳನ್ನು ಪಾಲಿಸಬಲ್ಲವರು ಪಂಪನ್ನು ಕೊಳ್ಳುವುದೇ ಬೇಡ. ಮಹಡಿಯುಳ್ಳವರೂ ಸಹ ತೊಟ್ಟಿಗೊಂದು ಕಬ್ಬಿಣದ ಸ್ಟ್ಯಾಂಡನ್ನು ಮಾಡಿಸಲು ಏನು ತಗಲುವುದೆಂದು ಮೊದಲು ವಿಚಾರಿಸಲಿ. ಸ್ಟ್ಯಾಂಡು ಕೆಡುವುದಿಲ್ಲ, ವಿದ್ಯುತ್ತನ್ನು ಬೇಡುವುದಿಲ್ಲ.

ಹಾಗಾದರೆ ಪಂಪು ಯಾರಿಗೆ ಬೇಕು? ಬಿಸಿಲು ಮಹಡಿಯ ಮೇಲೆ ಮಾತ್ರ ಸಿಕ್ಕುವಂತಿದ್ದು, ತೊಟ್ಟಿಯನ್ನು ಕೆಳಗಿನ ಬಚ್ಚಲುಮನೆಯಲ್ಲಿಯೇ ಇಡಬೇಕಾದವರಿಗೆ. ಹಳೆಯ ಮಾಳಿಗೆಯು ಇನ್ನೂರು ಲೀಟರು ನೀರಿನ ಇನ್ನೂರು ಕಿಲೋ ಭಾರವನ್ನು ಹೊರಲಾರದೆಂದು ಮೇಸ್ತ್ರಿಯು ಎಚ್ಚರಿಸಿದವರಿಗೆ. ಫಲಕಕ್ಕೂ ತೊಟ್ಟಿಗೂ ಬಹುದೂರವಿದ್ದು ಕೊಳವೆಯು ಅಡ್ಡಡ್ಡವಾಗಿ ಸುತ್ತಿಬರಬೇಕಾದವರಿಗೆ. ಇಂತಹವರಿಗಾಗಿ ಮುಂದಿನ ಮಾತುಗಳು.

ಎಷ್ಟು ನೀರು ಸುತ್ತಬೇಕು?

ನಾಲ್ಕು ಜನರ ಸಂಸಾರವೊಂದು ನೂರು ಲೀಟರಿನ ತೊಟ್ಟಿಯನ್ನೂ ಎರಡು ಚದರ ಮೀಟರಿನ ಫಲಕವನ್ನೂ ಇಟ್ಟುಕೊಂಡಿದೆಯೆಂದು ಭಾವಿಸೋಣ. ನಡುಹಗಲಿನ ನಿರ್ಮಲವಾದ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು ೧,೦೦೦ ವಾಟ್ ಶಕ್ತಿಯನ್ನು ಸುರಿಸುವುದು. ಮನೆಯಲ್ಲಿ ಕಟ್ಟಿದ ಫಲಕವು ಅದರಲ್ಲಿ ಅರ್ಧವನ್ನು ನೀರಿಗೆ ಒಪ್ಪಿಸಿದರೂ ಎರಡು ಚದರ ಮೀಟರಿನಿಂದ ೧,೦೦೦ ವಾಟ್ ದೊರೆತಂತಾಯಿತು. ಅಂದರೆ ಗಂಟೆಗೆ ಸುಮಾರು ೮೬೦ ಕಿಲೋಕ್ಯಾಲೊರಿ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು. ಗಂಟೆಗೆ ನೂರು ಲೀಟರು ನೀರು ಫಲಕದ ಮೂಲಕ ಹಾದುಹೋದರೆ ಪ್ರತಿ ಸುತ್ತಿನಲ್ಲಿಯೂ ಅದು ಎಂಟರಿಂದ ಒಂಬತ್ತು ಡಿಗ್ರಿಯಷ್ಟು ಬಿಸಿಯೇರುವುದು. ಇದು ಹದವಾದ ಪ್ರಮಾಣ.

ಆದುದರಿಂದ ಸಾಮಾನ್ಯ ಸೂತ್ರವೊಂದನ್ನು ನೆನಪಿನಲ್ಲಿಡಬಹುದು: ಫಲಕದ ಪ್ರತಿ ಚದರ ಮೀಟರಿಗೆ ಗಂಟೆಗೆ ಮೂವತ್ತರಿಂದ ಎಪ್ಪತ್ತು ಲೀಟರು. ನಮ್ಮ ಉದಾಹರಣೆಯ ಮನೆಗೆ ನಿಮಿಷಕ್ಕೆ ಒಂದರಿಂದ ಎರಡು ಲೀಟರು ಸಾಕು. ಅಡಿಗೆಮನೆಯ ನಲ್ಲಿಯನ್ನು ಅರೆಬರೆ ತಿರುಗಿಸಿದಾಗ ಬೀಳುವ ಧಾರೆಗಿಂತ ಇದು ಹೆಚ್ಚಲ್ಲ.

ಇದಕ್ಕಿಂತ ಬಹಳ ಹೆಚ್ಚು ಹರಿಸಿದರೆ ಏನು ನಷ್ಟವೆಂದು ಕೆಲವರು ಕೇಳಬಹುದು. ತೊಟ್ಟಿಯಲ್ಲಿ ಬಿಸಿ ಮೇಲೆ, ತಂಪು ಕೆಳಗೆ ಪದರಪದರವಾಗಿ ನಿಲ್ಲುವುದು. ಸ್ನಾನಕ್ಕೆ ಮೇಲಿನಿಂದ ತೆಗೆದುಕೊಳ್ಳುವೆವು. ಫಲಕಕ್ಕೆ ತಳದ ತಣ್ಣೀರನ್ನು ಕಳುಹಿಸುವೆವು. ಫಲಕಕ್ಕೆ ಬರುವ ನೀರು ತಣ್ಣಗಿದ್ದಷ್ಟೂ ಅದು ಹೆಚ್ಚು ಶಾಖವನ್ನು ಹೀರುವುದು. ಸಂಪಿನ ಪಂಪು ನಿಮಿಷಕ್ಕೆ ಮೂವತ್ತು ಲೀಟರು ನೂಕಿದರೆ ತೊಟ್ಟಿಯ ನೀರೆಲ್ಲವೂ ಮೂರೇ ನಿಮಿಷಕ್ಕೊಮ್ಮೆ ಕದಡಿಹೋಗುವುದು. ಆಗ ಮೇಲೂ ಬಿಸಿಯಿಲ್ಲ, ಕೆಳಗೂ ತಂಪಿಲ್ಲ. ಅರೆಮೋಡದ ದಿನದಲ್ಲಿ ಇಡೀ ತೊಟ್ಟಿಯು ಯಾರ ಸ್ನಾನಕ್ಕೂ ಆಗದ ಉಗುರುಬೆಚ್ಚನೆಯ ನೀರಾಗಿ ನಿಲ್ಲುವುದು. ಹರಿವು ಮಿತವಾಗಿದ್ದಿದ್ದರೆ ಅಂದೂ ಇಬ್ಬರಿಗಾದರೂ ಒಳ್ಳೆಯ ಬಿಸಿನೀರು ದೊರೆಯುತ್ತಿದ್ದಿತು.

ಎಷ್ಟು ಎತ್ತರಕ್ಕೆ ತಳ್ಳಬೇಕು?

ಪಂಪಿನ ಅಂಗಡಿಯವರು ‘ಹೆಡ್’ ಎಂದು ಕರೆಯುವುದು ನೀರನ್ನು ತಳ್ಳಬಲ್ಲ ಎತ್ತರವನ್ನು. ಬಹುಜನರು ಮೋಸಹೋಗುವುದು ಇಲ್ಲಿಯೇ. ತೊಟ್ಟಿ ನೆಲಮಟ್ಟದಲ್ಲಿದೆ, ಫಲಕವು ಆರು ಮೀಟರು ಮೇಲಿದೆ. ಆದುದರಿಂದ ಆರು ಮೀಟರಿನ ಹೆಡ್ ಬೇಕೆಂದು ಅವರು ಎಣಿಸುವರು. ಅದು ಬೇಕಾಗುವುದೂ ಉಂಟು, ಬೇಡವಾಗುವುದೂ ಉಂಟು. ಅದು ಏರ್ಪಾಡನ್ನು ಅವಲಂಬಿಸಿದೆ.

ಮೊದಲನೆಯದು ತುಂಬಿದ ಏರ್ಪಾಡು. ಬಾವಿಯ ರಾಟೆಗೆ ಒಂದೇ ಹಗ್ಗದ ಎರಡು ತುದಿಗಳಲ್ಲಿ ಎರಡು ತುಂಬಿದ ಕೊಡಗಳನ್ನು ಕಟ್ಟಿದೆಯೆಂದು ಊಹಿಸಿರಿ. ಒಂದು ಇಳಿಯುವಾಗ ಇನ್ನೊಂದು ಏರುವುದು. ಎಳೆಯುವವನು ರಾಟೆಯ ತಿಕ್ಕಾಟವನ್ನು ಮಾತ್ರ ಗೆದ್ದರೆ ಸಾಕು. ಹೋಗುವ ಕೊಳವೆ, ಬರುವ ಕೊಳವೆ, ಫಲಕ, ತೊಟ್ಟಿ ಇವೆಲ್ಲವೂ ಗಾಳಿಯಿಲ್ಲದಂತೆ ನೀರಿನಿಂದ ತುಂಬಿದ್ದರೆ, ಇಳಿಯುವ ನೀರೇ ಏರುವ ನೀರನ್ನು ತೂಗಿಕೊಳ್ಳುವುದು. ಪಂಪಿಗೆ ಉಳಿಯುವುದು ಕೊಳವೆಯ ತಿಕ್ಕಾಟ ಮಾತ್ರ. ಅರ್ಧ ಅಂಗುಲದ ಕೊಳವೆಯಲ್ಲಿ ನಿಮಿಷಕ್ಕೆ ಎರಡು ಲೀಟರು ಹರಿದರೆ ಇಪ್ಪತ್ತು ಮೀಟರಿನ ಉದ್ದಕ್ಕೂ ಸೇರಿ ಹತ್ತು ಸೆಂಟಿಮೀಟರಿನಷ್ಟು ಹೆಡ್ ವ್ಯಯವಾಗುವುದು. ತಿರುವುಗಳನ್ನೂ ವಾಲ್ವುಗಳನ್ನೂ ಫಲಕವನ್ನೂ ಸೇರಿಸಿದರೂ ಒಂದು ಮೀಟರಿನ ಹೆಡ್ ಧಾರಾಳವಾಯಿತು. ಹರಿವು ಇಮ್ಮಡಿಯಾದರೆ ಈ ತಿಕ್ಕಾಟವು ಸುಮಾರು ನಾಲ್ಮಡಿಯಾಗುವುದು. ಅತಿಹರಿವಿಗೆ ಇದೂ ಒಂದು ದಂಡ.

ಈ ಏರ್ಪಾಡಿಗೆ ಮುಖ್ಯವಾದ ಒಂದು ನಿಬಂಧನೆ ಇದೆ. ತಣ್ಣೀರಿನ ಟ್ಯಾಂಕು ಫಲಕದ ಮೇಲುತುದಿಗಿಂತ ಎತ್ತರದಲ್ಲಿದ್ದು, ಅಲ್ಲಿಂದ ತೊಟ್ಟಿಗೆ ನೀರು ಇಳಿಯುತ್ತಿರಬೇಕು. ಆಗ ಮಾತ್ರ ಫಲಕವು ಸದಾ ತುಂಬಿರುವುದು. ಫಲಕದ ಅತ್ಯುನ್ನತ ಸ್ಥಳದಿಂದ ಒಂದು ಗಾಳಿಕೊಳವೆಯನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಏರಿಸಿ, ಅದರ ಬಾಯನ್ನು ತೆರೆದಿಡಬೇಕು. ಸೇರಿದ ಗಾಳಿಯೂ, ಕುದಿದರೆ ಹಬೆಯೂ ಅದರಿಂದ ಹೊರಹೋಗುವುದು.

ಎರಡನೆಯದು ಬರಿದಾಗುವ ಏರ್ಪಾಡು. ಟ್ಯಾಂಕು ಎತ್ತರದಲ್ಲಿಲ್ಲದ ಮನೆಗಳಲ್ಲಿ ತೊಟ್ಟಿಯ ಮೇಲುಭಾಗದಲ್ಲಿ ಗಾಳಿಗೆ ಸ್ವಲ್ಪ ತೆರಪು ಬಿಟ್ಟು, ಪಂಪು ನಡೆಯುವಾಗ ಮಾತ್ರ ಫಲಕಕ್ಕೆ ನೀರೇರಿಸುವರು. ನಿಂತೊಡನೆ ನೀರು ತೊಟ್ಟಿಗೆ ಮರಳುವುದು. ಇಲ್ಲಿ ಏರುವ ಕೊಡ ಒಂದೇ, ಇಳಿಯುವ ಕೊಡವಿಲ್ಲ. ಆದುದರಿಂದ ಆರು ಮೀಟರಿನ ಎತ್ತರಕ್ಕೆ ಏಳೆಂಟು ಮೀಟರಿನ ಹೆಡ್ ಉಳ್ಳ ಪಂಪೇ ಬೇಕು. ತಮ್ಮದು ಯಾವ ಏರ್ಪಾಡೆಂದು ನಿಶ್ಚಯಿಸಿಕೊಳ್ಳದೆ ಅಂಗಡಿಗೆ ಹೋಗಬಾರದು.

ಇನ್ನು ಶಕ್ತಿಯ ಲೆಕ್ಕ. ನಿಮಿಷಕ್ಕೆ ಎರಡು ಲೀಟರನ್ನು ಮೂರು ಮೀಟರು ಎತ್ತುವ ಕೆಲಸಕ್ಕೆ ಬೇಕಾದುದು ಒಂದೇ ಒಂದು ವಾಟ್. ಸಣ್ಣ ಪಂಪುಗಳು ತಾವು ಪಡೆದ ವಿದ್ಯುತ್ತಿನಲ್ಲಿ ಹೆಚ್ಚಿನ ಭಾಗವನ್ನು ವ್ಯರ್ಥಮಾಡುವುವು. ಆದುದರಿಂದ ಐದರಿಂದ ಇಪ್ಪತ್ತು ವಾಟ್ ಎಂದಿಟ್ಟುಕೊಳ್ಳೋಣ. ಹದಿನೈದು ವಾಟಿನ ಪಂಪು ದಿನಕ್ಕೆ ಆರು ಗಂಟೆ ನಡೆದರೂ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗವೂ ಖರ್ಚಾಗದು. ಅರ್ಧ ಅಶ್ವಶಕ್ತಿಯ ಮೋಟಾರಾದರೋ ಸುಮಾರು ಅರ್ಧ ಕಿಲೋವಾಟನ್ನು ಎಳೆಯುವುದು. ಆರು ಗಂಟೆಗೆ ಮೂರು ಯೂನಿಟ್ಟು. ನೂರು ಲೀಟರು ನೀರನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖವೇ ನಾಲ್ಕೂಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ. ಸೂರ್ಯನು ಕೊಟ್ಟುದರಲ್ಲಿ ಮೂರರಲ್ಲೆರಡು ಪಾಲಿನಷ್ಟನ್ನು ಮೋಟಾರಿಗೆ ತೆತ್ತಮೇಲೆ ಉಳಿತಾಯವೆಂಬ ಮಾತಿಗೆ ಅರ್ಥವೇನು?

ಯಾವ ಲೋಹ, ಯಾವ ಸ್ಥಳ?

ಸುತ್ತುಪಂಪುಗಳಲ್ಲಿ ಅನೇಕವು ಮೂಲತಃ ಚಳಿದೇಶಗಳಲ್ಲಿ ಮನೆಯ ಕೋಣೆಗಳನ್ನು ಬಿಸಿಮಾಡುವ ಕೊಳವೆಗಳಿಗಾಗಿ ಹುಟ್ಟಿದವು. ಅಲ್ಲಿ ಅದೇ ನೀರು ವರ್ಷಗಟ್ಟಲೆ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುವುದರಿಂದ ಅದರಲ್ಲಿದ್ದ ಪ್ರಾಣವಾಯುವು ಬೇಗನೆ ಮುಗಿದುಹೋಗುವುದು. ಪಂಪಿನ ಒಡಲು ಎರಕದ ಕಬ್ಬಿಣದ್ದಾದರೂ ಕೆಡದು. ನಮ್ಮ ನೀರೊಲೆಗಾದರೋ ದಿನವೂ ಹೊಸ ನೀರು, ಅದರೊಡನೆ ಹೊಸ ಪ್ರಾಣವಾಯು. ಕಬ್ಬಿಣದ ಒಡಲು ತುಕ್ಕು ಹಿಡಿದು, ಸ್ನಾನದ ನೀರು ಕೆಂಪಾಗುವುದು. ಆದುದರಿಂದ ಕಂಚು, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಒಡಲುಳ್ಳದ್ದನ್ನೇ ಕೇಳಬೇಕು. ಬಿಸಿನೀರಿಗೆಂದೇ ಮಾಡಿದ ಪ್ಲಾಸ್ಟಿಕ್ ಒಡಲಿನ ಸಣ್ಣ ಪಂಪುಗಳೂ ಉಂಟು; ಅವು ೯೦ ಡಿಗ್ರಿಯನ್ನಾದರೂ ತಾಳುವುವೆಂದು ಫಲಕಚೀಟಿಯಲ್ಲಿ ಬರೆದಿರಬೇಕು. ಮೀನಿನ ಗಾಜಿನ ತೊಟ್ಟಿಗೂ ಕೂಲರಿಗೂ ಹಾಕುವ ಅಗ್ಗದ ಪಂಪನ್ನು ಇಲ್ಲಿಗೆ ತರಬಾರದು.

ಇಂತಹ ಪಂಪುಗಳಲ್ಲಿ ಬಹುಪಾಲಿನವುಗಳ ತಿರುಗುವ ಭಾಗವು ನೀರಿನಲ್ಲಿಯೇ ಮುಳುಗಿದ್ದು, ಆ ನೀರೇ ಅದಕ್ಕೆ ಎಣ್ಣೆಯಂತೆ ಒದಗುವುದು. ಇದರಿಂದ ಸದ್ದಿಲ್ಲ, ಸೋರುವಿಕೆಯಿಲ್ಲ. ಆದರೆ ನೀರಿಲ್ಲದೆ ಒಣದಾಗಿ ತಿರುಗಿಸಿದರೆ ಬೇಗನೆ ಹಾಳಾಗುವುದು. ಅದರ ಅಚ್ಚು ನೆಲಕ್ಕೆ ಸಮಾನಾಂತರವಾಗಿ ಅಡ್ಡಲಾಗಿರುವಂತೆ ಜೋಡಿಸಬೇಕು. ನಿಲುವಾಗಿ ಜೋಡಿಸಿದರೆ ಒಳಗೆ ಗಾಳಿ ಸಿಕ್ಕಿ ಸವೆಯುವುದು. ಕೊಳವೆಬಾವಿಯ ಗಡಸುನೀರು ಇರುವ ಊರುಗಳಲ್ಲಿ ಬಿಸಿಯಾದ ನೀರು ಸುಣ್ಣದ ಹೊಪ್ಪಳಿಕೆಯನ್ನು ಬಿಡುವುದು. ಅದು ಪಂಪಿನ ಸಂದಿನಲ್ಲಿ ಕೂತರೆ ತಿರುಗುವಿಕೆ ನಿಲ್ಲುವುದು. ಅಲ್ಲಿನವರು ಪಂಪಿನ ಎರಡು ಕಡೆಗೂ ಒಂದೊಂದು ವಾಲ್ವನ್ನು ಹಾಕಿಸಿಕೊಂಡರೆ, ತೊಟ್ಟಿಯನ್ನು ಬರಿದುಮಾಡದೆ ಪಂಪನ್ನು ಬಿಚ್ಚಿ ತೊಳೆಯಬಹುದು.

ಪಂಪಿನ ಸ್ಥಾನವು ತೊಟ್ಟಿಯ ತಳದಿಂದ ಫಲಕಕ್ಕೆ ಹೋಗುವ ತಣ್ಣೀರಿನ ಕೊಳವೆಯಲ್ಲಿ, ತೊಟ್ಟಿಯ ಮಟ್ಟಕ್ಕಿಂತ ಕೆಳಗೆ. ಬಿಸಿನೀರನ್ನು ಹೀರಿ ಎಳೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ೯೭ ಡಿಗ್ರಿಯಲ್ಲಿಯೇ ಕುದಿಯುವುದು; ಹೀರುವ ಬಾಯಿಯಲ್ಲಿ ಒತ್ತಡ ತಗ್ಗಿದರೆ ಇನ್ನೂ ಮೊದಲೇ ಹಬೆಯ ಗುಳ್ಳೆಗಳೆದ್ದು ಪಂಪು ಕಟಕಟಿಸುವುದು.

ನಡೆಸುವವರಾರು, ನಿಲ್ಲಿಸುವವರಾರು?

ಪಂಪು ಬಿಸಿಲಿರುವಾಗ ಮಾತ್ರ ನಡೆಯಬೇಕು. ಮರೆತು ರಾತ್ರಿಯೂ ನಡೆಸಿದರೆ, ಹಗಲು ನೀರನ್ನು ಕಾಯಿಸಿದ ಫಲಕವೇ ಅದನ್ನು ಆಕಾಶಕ್ಕೆ ಒಡ್ಡಿ ಆರಿಸುವುದು. ಕೈಯಿಂದ ಸ್ವಿಚ್ಚು ಹಾಕುವ ಪದ್ಧತಿಯು ಮೊದಲ ವಾರದ ಉತ್ಸಾಹದಲ್ಲಿ ನಡೆದೀತು. ಆಮೇಲೆ ಮನೆಯವರ ನಡುವೆ ಜಗಳಕ್ಕೆ ಕಾರಣವಾದೀತು. ಗಡಿಯಾರದ ಟೈಮರು ಮೋಡವನ್ನು ಅರಿಯದು.

ಒಳ್ಳೆಯ ವಿಧಾನಗಳು ಎರಡು. ಫಲಕದ ಬಿಸಿಯನ್ನೂ ತೊಟ್ಟಿಯ ತಳದ ಬಿಸಿಯನ್ನೂ ಹೋಲಿಸಿ ನೋಡುವ ನಿಯಂತ್ರಕವು ಮೊದಲನೆಯದು. ಫಲಕವು ತೊಟ್ಟಿಗಿಂತ ಏಳೆಂಟು ಡಿಗ್ರಿ ಹೆಚ್ಚು ಕಾದಾಗ ಪಂಪನ್ನು ನಡೆಸಿ, ಅಂತರವು ಎರಡು ಮೂರು ಡಿಗ್ರಿಗೆ ಇಳಿದಾಗ ಅದು ನಿಲ್ಲಿಸುವುದು. ಬರಿದಾಗುವ ಏರ್ಪಾಡಿಗೆ ಇದೇ ಯೋಗ್ಯ. ಎರಡನೆಯದು ೧೨ ವೋಲ್ಟಿನ ಡಿ.ಸಿ. ಪಂಪನ್ನು ಚಿಕ್ಕದೊಂದು ಸೋಲಾರ್ ವಿದ್ಯುತ್ ಪ್ಯಾನೆಲಿಗೆ ನೇರವಾಗಿ ಜೋಡಿಸುವುದು. ಬ್ಯಾಟರಿಯೂ ಬೇಡ, ಮನೆಯ ವಿದ್ಯುತ್ತೂ ಬೇಡ. ಬಿಸಿಲು ಹೆಚ್ಚಿದಂತೆ ಪಂಪು ಬಿರುಸಾಗುವುದು, ಇಳಿದಂತೆ ಮಂದವಾಗುವುದು, ಸಂಜೆಗೆ ಮಲಗುವುದು. ಪ್ಯಾನೆಲಿನ ವಾಟು ಪಂಪಿನದಕ್ಕಿಂತ ಸ್ವಲ್ಪ ಹೆಚ್ಚಾಗಿರಲಿ; ಇಲ್ಲವಾದರೆ ಎಳಬಿಸಿಲಿನಲ್ಲಿ ಪಂಪು ಎದ್ದೇಳದು. ಫಲಕವು ಮುಖಮಾಡಿರುವ ದಿಕ್ಕಿಗೇ ಪ್ಯಾನೆಲೂ ಮುಖಮಾಡಿರಲಿ.

ತುಂಬಿದ ಏರ್ಪಾಡಿನಲ್ಲಿ ತೊಟ್ಟಿಯು ಕೆಳಗೂ ಫಲಕವು ಮೇಲೂ ಇರುವುದರಿಂದ, ಪಂಪು ನಿಂತ ರಾತ್ರಿಯಲ್ಲಿ ತೊಟ್ಟಿಯ ಬಿಸಿನೀರು ತಾನಾಗಿಯೇ ಮೇಲೇರಿ ಫಲಕದಲ್ಲಿ ಆರತೊಡಗುವುದು. ಹಗಲಿನಲ್ಲಿ ಉಪಕರಿಸುವ ನಿಯಮವೇ ಇಲ್ಲಿ ಕಳ್ಳನಾಗುವುದು. ಇದನ್ನು ತಡೆಯಲು ಒಂದೇ ದಿಕ್ಕಿಗೆ ನೀರು ಬಿಡುವ ಎನ್.ಆರ್.ವಿ. ವಾಲ್ವನ್ನು ಪಂಪಿನ ಮುಂದೆ ಹಾಕಲೇಬೇಕು. ಸಣ್ಣ ಪಂಪು ನೂಕಬಲ್ಲಷ್ಟು ಹಗುರವಾದ ಬಾಗಿಲುಳ್ಳ ವಾಲ್ವು ಆಗಿರಲಿ. ಬರಿದಾಗುವ ಏರ್ಪಾಡಿಗೆ ಮಾತ್ರ ಈ ವಾಲ್ವು ಸಲ್ಲದು. ಅಲ್ಲಿ ನೀರು ಹಿಂದಿರುಗಲೇಬೇಕಷ್ಟೆ.

ಮನೆಯವರ ಕ್ಷೇಮ

ನಡುಹಗಲಿನಲ್ಲಿ ವಿದ್ಯುತ್ತು ಹೋದರೆ ಏನಾಗುವುದು? ನೀರು ಸುತ್ತದೆ ಫಲಕದಲ್ಲಿ ನಿಲ್ಲುವುದು, ಕುದಿಯುವುದು. ಬರಿದಾದ ಫಲಕವಾದರೋ ೧೦೦ ಡಿಗ್ರಿಯನ್ನು ಸುಲಭವಾಗಿ ದಾಟುವುದು. ತುಂಬಿದ ಏರ್ಪಾಡಿನ ಗಾಳಿಕೊಳವೆಯನ್ನು ಬೂಚು ಹಾಕಿ ಮುಚ್ಚಿದ ಮನೆಯಲ್ಲಿ ಈ ಹಬೆಗೆ ಬೇರೆ ದಾರಿಯಿಲ್ಲ. ಆದುದರಿಂದ ಆ ಬಾಯನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಹುಳುಹುಪ್ಪಟೆ ಸೇರದಂತೆ ಲೋಹದ ಜಾಲರಿಯನ್ನು ಕಟ್ಟಿದರೆ ಸಾಕು. ಸಾಧಾರಣ ಪಿ.ವಿ.ಸಿ. ಪೈಪು ೬೦ ಡಿಗ್ರಿಯ ಆಚೆಗೆ ಬಲಗುಂದುವುದು, ಸಿ.ಪಿ.ವಿ.ಸಿ. ಪೈಪು ೯೩ ಡಿಗ್ರಿಯವರೆಗೆ ತಾಳುವುದು. ಫಲಕದ ಹತ್ತಿರದ ಕೊಳವೆಯು ತಾಮ್ರದ್ದೇ ಆಗಿರಲಿ. ವಿದ್ಯುತ್ತು ಪದೇ ಪದೇ ಹೋಗುವ ಊರಿನವರಿಗೆ ಪ್ಯಾನೆಲಿನಿಂದ ನಡೆಯುವ ಪಂಪನ್ನು ನಾವು ಒತ್ತಿ ಹೇಳುವುದು ಈ ಕಾರಣಕ್ಕಾಗಿಯೇ. ಬರಿದಾಗುವ ಏರ್ಪಾಡಿನವರು, ಒಣಗಿ ಕಾದ ಫಲಕಕ್ಕೆ ನಡುಹಗಲಿನಲ್ಲಿ ಹಠಾತ್ತಾಗಿ ತಣ್ಣೀರನ್ನು ಏರಿಸದೆ, ಮರುದಿನ ಮುಂಜಾನೆ ನಡೆಸುವುದು ಒಳಿತು.

ಮನೆಯ ವಿದ್ಯುತ್ತಿನಿಂದಲೇ ನಡೆಸುವವರು ಪಂಪಿಗೆ ಸರಿಯಾದ ಅರ್ತಿಂಗನ್ನೂ, ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಬಲ್ಲ ಎಲೆಕ್ಟ್ರಿಷಿಯನ್ನರಿಂದ ಹಾಕಿಸಬೇಕು. ಒದ್ದೆ ನೆಲ, ಒದ್ದೆ ಮೈ, ಲೋಹದ ನಲ್ಲಿ ಇವು ಮೂರೂ ಕೂಡುವ ಸ್ಥಳ ಬಚ್ಚಲುಮನೆ. ಅಲ್ಲಿ ಹಣ ಉಳಿಸುವ ಮಾತಿಗೆ ಎಡೆಯಿಲ್ಲ. ಇನ್ನೊಂದು ಎಚ್ಚರಿಕೆಯೂ ಉಂಟು. ೬೦ ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳ ಮತ್ತು ವೃದ್ಧರ ಮೈಗೆ ಅಷ್ಟು ಹೊತ್ತೂ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ಅಭ್ಯಾಸವನ್ನು ಮನೆಯವರೆಲ್ಲರಿಗೂ ಕಲಿಸಬೇಕು.

ಅಂಗಡಿಯಲ್ಲಿಯೂ, ಆಮೇಲೆಯೂ

ಅಂಗಡಿಯಲ್ಲಿ ‘ಪ್ರೆಷರ್ ಪಂಪು’ ಎಂಬುದನ್ನು ಮುಂದಿಟ್ಟರೆ ಬೇಡವೆನ್ನಿರಿ. ಅದು ನಲ್ಲಿಯ ಧಾರೆಯನ್ನು ಬಿರುಸುಗೊಳಿಸಲು ಮಾಡಿದುದು. ಬಿಸಿನೀರಿನ ‘ಸರ್ಕ್ಯುಲೇಷನ್ ಪಂಪು’ ಎಂದೇ ಕೇಳಬೇಕು. ಡಬ್ಬಿಯ ಮೇಲೆ ಹೆಡ್ ಎಷ್ಟೆಂದೂ ಹರಿವು ಎಷ್ಟೆಂದೂ ಎರಡು ದೊಡ್ಡ ಅಂಕಿಗಳಿರುವುವು. ಇವೆರಡೂ ಒಮ್ಮೆಗೇ ದೊರೆಯುವುವೆಂದು ನಂಬಬಾರದು. ಹೆಡ್ ಪರಮಾವಧಿಯಲ್ಲಿದ್ದಾಗ ಹರಿವು ಸೊನ್ನೆ. ಹರಿವು ಪರಮಾವಧಿಯಲ್ಲಿದ್ದಾಗ ಹೆಡ್ ಸೊನ್ನೆ. ನಮಗೆ ಬೇಕಾದ ಹೆಡ್ಡಿನಲ್ಲಿ ಎಷ್ಟು ಲೀಟರು ಕೊಡುವುದೆಂಬ ರೇಖಾಚಿತ್ರವನ್ನು ತೋರಿಸಲು ಕೇಳಬೇಕು. ತೋರಿಸಲಾರದ ಪಕ್ಷದಲ್ಲಿ, ಬರೆದ ಹೆಡ್ಡಿನ ಅರ್ಧದಲ್ಲಿ ಬರೆದ ಹರಿವಿನ ಅರ್ಧವು ಬಂದೀತೆಂದು ಸ್ಥೂಲವಾಗಿ ಎಣಿಸಬಹುದು. ಮೂರು ವೇಗಗಳ ಗುಂಡಿಯುಳ್ಳ ಪಂಪು ಸಿಕ್ಕಿದರೆ ಒಳ್ಳೆಯದು; ಕಡಿಮೆ ವೇಗದಿಂದಲೇ ಆರಂಭಿಸಬಹುದು.

ಜೋಡಿಸಿದ ಮೇಲೆ ಪರೀಕ್ಷೆಯು ಸುಲಭ. ನಿರ್ಮಲವಾದ ದಿನ ನಡುಹಗಲಿನಲ್ಲಿ ಫಲಕಕ್ಕೆ ಹೋಗುವ ನೀರಿನ ಬಿಸಿಯನ್ನೂ ಅಲ್ಲಿಂದ ಬರುವ ನೀರಿನ ಬಿಸಿಯನ್ನೂ ಅಳೆದು ನೋಡಿರಿ. ಅಂತರವು ಐದರಿಂದ ಹದಿನೈದು ಡಿಗ್ರಿಯೊಳಗಿದ್ದರೆ ಪಂಪು ಹದವಾಗಿದೆ. ಒಂದೆರಡು ಡಿಗ್ರಿ ಮಾತ್ರವಿದ್ದರೆ ಹರಿವು ಅತಿಯಾಯಿತು; ವೇಗವನ್ನು ತಗ್ಗಿಸಿರಿ ಅಥವಾ ಪಂಪಿನ ಮುಂದಿನ ವಾಲ್ವನ್ನು ಸ್ವಲ್ಪ ಮುಚ್ಚಿರಿ. ಇಪ್ಪತ್ತೈದು ಮೂವತ್ತು ಡಿಗ್ರಿಯಾದರೆ ಹರಿವು ಸಾಲದು, ಇಲ್ಲವೇ ಎಲ್ಲಿಯೋ ಗಾಳಿ ಸೇರಿದೆ. ರಾತ್ರಿ ಊಟವಾದ ಮೇಲೆ ಒಮ್ಮೆ ತೊಟ್ಟಿಯಿಂದ ಮೇಲೇರುವ ಕೊಳವೆಗಳನ್ನು ಮುಟ್ಟಿ ನೋಡಿರಿ. ಅವು ಇನ್ನೂ ಬಿಸಿಯಾಗಿದ್ದರೆ ಎನ್.ಆರ್.ವಿ. ವಾಲ್ವಿನಲ್ಲಿ ಕಸ ಸಿಕ್ಕಿದೆಯೆಂದು ತಿಳಿಯಬೇಕು.

ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಪಂಪು ಜಡ್ಡುಗಟ್ಟುವುದುಂಟು. ವಾರಕ್ಕೊಮ್ಮೆ ಎರಡು ನಿಮಿಷ ತಿರುಗಿಸಿದರೆ ಈ ತೊಂದರೆ ತಪ್ಪುವುದು. ಹಿಡಿದುಕೊಂಡರೆ, ವಿದ್ಯುತ್ತನ್ನು ಆರಿಸಿ, ಎರಡು ಕಡೆಯ ವಾಲ್ವುಗಳನ್ನೂ ಮುಚ್ಚಿ, ಪಂಪಿನ ಮುಂಭಾಗದ ತಿರುಪನ್ನು ತೆಗೆದು, ಒಳಗಿನ ಅಚ್ಚನ್ನು ಸ್ಕ್ರೂಡ್ರೈವರಿನಿಂದ ಮೆಲ್ಲನೆ ಒಂದೆರಡು ಸುತ್ತು ತಿರುಗಿಸಬಹುದು. ಅಂತಹ ತಿರುಪುಳ್ಳ ಮಾದರಿಯನ್ನೇ ಕೊಳ್ಳುವುದು ಜಾಣತನ.

ಮುಂದಿನ ಸಂಚಿಕೆಯಲ್ಲಿ ತೊಟ್ಟಿಗೆ ಹೊದಿಸತಕ್ಕ ಶಾಖರೋಧಕ ಹೊದಿಕೆಯ ವಿಚಾರವನ್ನು ತೆಗೆದುಕೊಳ್ಳುವೆವು. ಪಂಪು ಹಗಲೆಲ್ಲ ದುಡಿದು ಕೂಡಿಸಿದುದನ್ನು ಬೆಳಗಿನವರೆಗೆ ಕಾಯುವ ಭಾರವು ಅದರದು.